ಹುರಿಯದ ಕಾಳು

ಇದೇನು ಹಸಿ ವಾಸನೆ, ರಾಗಿ ಬೇಯುವಾಗ ಏಳುವ ವಾಸನೆ ಅಲ್ಲವೇ ಅಲ್ಲ, ಗಿರಿಜಾಂಬಿಕಾ ಮುದ್ದೆಕೋಲನ್ನು ಪಾತ್ರೆಯೊಳಗೇ ನಿಲ್ಲಿಸಿ ಆವಿಗೆ ಮೂಗು ಒಡ್ಡಿದಳು, ಮುಖ ಬೆಚ್ಚಗಾಯಿತು, ಅಯ್ಯೋ, ಇದು ನೆನೆಹಾಕಿದ ಸೋಯಾಕಾಳಿನ ನೀರು ಚೆಲ್ಲುವಾಗ ಬರುವ ನಾತ, ಕಾಳನ್ನು ಹುರಿದೇ ತಾನೇ ರಾಗಿ ಜೊತೆ ಮಿಲ್ಲಿಗೆ ಕೊಟ್ಟದ್ದು, ಹುರಿದಿದ್ದೆ, ನೆನ್ನೆ ಬೆಳಿಗ್ಗೆ ಸಣ್ಣ ಉರಿಯಲ್ಲಿ, ಸಿಪ್ಪೆ ಸೀಳಿ ಕೆಂಪಗಾಗುವ ತನಕ, ರಟ್ಟೆ ಸೋಲುವ ತನಕ, ಹುರಿದಿದ್ದೆ ಬುಡು, ಎಲ್ಲದಕ್ಕೂ ಹೆದರುವ ಹೆಂಗಸು ನೀನು — ಮತ್ತೆ ಕೋಲು ತಿರುವಿದಳು, ಗಂಟು ಒಡೆದಳು. ಪಡಸಾಲೆಯಲ್ಲಿ ಮಾವ ಮರುಳಸಿದ್ದಯ್ಯ ಮಣೆ ಎಳೆದುಕೊಂಡ ಸದ್ದು, ಆಮೇಲೆ ಸಣ್ಣ ಕೆಮ್ಮು, ಗಿರಿಜಾಳ ಕೋಲು ನಿಂತಿತು, ಕೆಮ್ಮಬಾರದು, ತಿಣುಕಬಾರದು, ಹೊಟ್ಟೆ ಕೆಡಲೇಬಾರದು ಅಂದಿದ್ದಾರೆ ತಿಪಟೂರಿನ ಡಾಕ್ಟರು, ಹರ್ನಿಯಾ ಇಷ್ಟು ದಪ್ಪಗಾಗಿದೆ, ಕರುಳು ಸಿಕ್ಕಿಕೊಂಡರೆ ಜೀವಕ್ಕೇ ಬರುತ್ತದಮ್ಮ, ಆದರೆ ಈ ಮೈಗೆ ಕತ್ತರಿ ಹಾಕೋಕಾಗಲ್ಲ, ರಕ್ತದಲ್ಲಿ ಪ್ರೋಟೀನೇ ಇಲ್ಲ, ಹೊಲಿಗೆ ಹಾಕಿದರೆ ಗಾಯ ಕೂಡಲ್ಲ, ದಿನಾ ಎರಡು ಮೊಟ್ಟೆ ಕೊಡಿ. ಮೊಟ್ಟೆಯಂತೆ! ಕೊರಳಲ್ಲಿ ಲಿಂಗ ಕಟ್ಟಿದವರಿಗೆ! ಮಾವ ಬಸ್ಸಿನಲ್ಲಿ ಹಾಲ್ಕುರಿಕೆಗೆ ಮರಳಿ, ಮನೆಗೆ ಬಂದು ಕಾಲು ತೊಳೆದ ಮೇಲೆ, ಆಗೋದು ಆಗ್ಲಿ ಕಣಮ್ಮ ಅಂದರು, ಅಷ್ಟೇ. ಆಗೋದು ಆಗಲಿ ಅಂತ ಅವರು ಅಂದುಬಿಡಬಹುದು, ಅತ್ತೆ ಸಾಯುವಾಗ ಮಾವನ ಕೈಯನ್ನು ಇವಳ ಕೈಯಲ್ಲಿಟ್ಟು ಹೋದಳಲ್ಲ, ಇವಳು ಹೇಗೆ ಅಂದಾಳು.

ಸೋಯಾ ಅಂತ ಮೊದಲು ಹೇಳಿದ್ದು ಟೈಲರ್ ಶಾಹಿದಾ ಬೇಗಂ, ರವಿಕೆಯ ಅಳತೆ ಹಿಡಿಯುತ್ತ, ಅಕ್ಕ ಅದ್ರಲ್ಲಿರೋ ಶಕ್ತಿ ಯಾವ ಬೇಳೇಲೂ ಇಲ್ಲ ಕಣ್ರೀ, ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿಬಿಡಿ, ಸಿಪ್ಪೆ ಉಜ್ಜಿ ತೆಗೀರಿ, ಕುಕ್ಕರಲ್ಲಿ ಐದಾರು ಸೀಟಿ ಕೂಗಿಸಿ — ಕೂಗಿಸಿದಳು, ಕಾಯಿತುರಿ ಹಾಕಿ ಪಲ್ಯ ಮಾಡಿದಳು, ಅವರೆಕಾಳಿನ ಹಾಗೆ ಹಿತುಕಿ ಸಾರು ಮಾಡಿದಳು, ರುಬ್ಬಿ ಸೋಸಿ ಕುದಿಸಿ ಏಲಕ್ಕಿ ಹಾಕಿ ಹಾಲು ಅಂತ ಕೊಟ್ಟಳು, ಮಾವ ಲೋಟವನ್ನು ಮೂಗಿನ ಹತ್ತಿರ ಹಿಡಿದು, ಇದು ಯಾವ ಹಸೂದಮ್ಮ ಅಂದರು, ನಗಬೇಕೋ ಅಳಬೇಕೋ. ಅಂಗಡಿಯ ಸೋಯಾ ಉಂಡೆಯ ಸಾರು ಮಾಡಿದ ದಿನವಂತೂ ಬೇಡ. ಮೂವತ್ತು ವರ್ಷ ಕೊಬ್ಬರಿ ಎಣ್ಣೆಯ ಗಾಣ ನಡೆಸಿದ ಮನುಷ್ಯ, ಬೆರಳಲ್ಲಿ ಒಂದು ಹಿಸುಕಿ ನೋಡಿದವರೇ, ಎಣ್ಣೆ ಹಿಂಡಿ ಬಿಟ್ಟ ಹಿಂಡಿ ಕಣಮ್ಮ ಇದು, ದನಕ್ಕೆ ಹಾಕೋದು, ಅಂದರು. ಹಾಗಂದರೂ ಒಂದನ್ನೂ ಬಿಡದೆ ತಿಂದರು. ತಟ್ಟೆಗೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿದರು, ಎಂದಿನ ಹಾಗೆ. ಲಿಂಗಕ್ಕೆ ತೋರಿಸಿದ ಮೇಲೆ ಪ್ರಸಾದ, ಒಂದು ಅಗುಳೂ ಬಿಡುವಂತಿಲ್ಲ, ಎದ್ದು ನಿಂತು ಮೆಲ್ಲಗೆ, ಸೋಯಾಗೀಯಾ ಇನ್ನು ಬಡಿಸ್ಬೇಡ ಗಿರಿಜಾ, ಬಡಿಸಿದ್ರೆ ನಾನು ತಿನ್ನಲೇಬೇಕಾಗ್ತದೆ, ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅದಕ್ಕೇ ಹಿಟ್ಟಿನಲ್ಲಿ ಬೆರೆಸಿದ್ದು. ಮಧ್ಯಾಹ್ನದ ಒಂದು ಮುದ್ದೆ ಮಾತ್ರ ಮಾವ ಸರಿಯಾಗಿ ಉಣ್ಣುವುದು, ಸೇರು ರಾಗಿಗೆ ಎರಡು ಹಿಡಿ ಹುರಿದ ಸೋಯಾ, ಬಣ್ಣ ಬದಲಾಗಲ್ಲ, ಮುದ್ದೆಯನ್ನು ಯಾರೂ ಅಗಿಯಲ್ಲ, ನುಂಗುತ್ತಾರೆ, ಗೊತ್ತಾಗೋದು ಹೇಗೆ, ಹದಿನೈದು ದಿನವಾಯಿತು, ಕೆನ್ನೆಯ ಗುಳಿ ಚೂರು ತುಂಬಿದೆ ಅಂತ ಗಂಡ ರುದ್ರೇಶನೂ ಅಂದ, ಸೋಮವಾರ ಮತ್ತೆ ರಕ್ತ ನೋಡುತ್ತಾರೆ, ಸರಿಯಿದ್ದರೆ ಗುರುವಾರವೇ ಆಪರೇಷನ್. ಸೋಮವಾರಕ್ಕೆ ಇನ್ನು ಮೂರೇ ದಿನ. ಶುರುವಿನಲ್ಲಿ ಒಮ್ಮೆ ಮಾತ್ರ, ಗೊತ್ತಿಲ್ಲದೆ ಹಸಿಕಾಳನ್ನೇ ಬೀಸಿಸಿ ಮಗಳು ನಿಸರ್ಗಳಿಗೆ ರೊಟ್ಟಿ ಮಾಡಿಕೊಟ್ಟಿದ್ದಳು, ಹದಿನಾಲ್ಕರ ಗಟ್ಟಿ ಹುಡುಗಿ ಇಡೀ ದಿನ ಹೊಟ್ಟೆ ಹಿಡಿದುಕೊಂಡು ಕಕ್ಕಸಿಗೂ ಮಂಚಕ್ಕೂ ಓಡಾಡಿತು, ಪುಣ್ಯಕ್ಕೆ ಮಾವ ಅಂದು ಮಠಕ್ಕೆ ಹೋಗಿದ್ದರು, ಅಂದಿನಿಂದ ಹುರಿಯದೆ ಕೊಟ್ಟದ್ದಿಲ್ಲ, ನೆನ್ನೆಯೂ ಹುರಿದಿದ್ದೆ — ಮುದ್ದೆ ಕಟ್ಟಿದಳು, ಒದ್ದೆ ಕೈಯಲ್ಲಿ ಉರುಟು ಮಾಡಿದಳು, ತಟ್ಟೆಗಿಟ್ಟು ಹುರುಳಿಸಾರು ಬಿಟ್ಟಳು, ತಂದು ಬಡಿಸಿದಳು, ಮಾವ ಹಣೆಗೆ ವಿಭೂತಿ ಹಚ್ಚಿಕೊಂಡು ಕೊರಳ ಲಿಂಗದ ಕರಡಿಗೆ ಬಿಚ್ಚುತ್ತಿದ್ದರು. ನಾತ ಇನ್ನೂ ಮೂಗಿನಲ್ಲೇ ಇತ್ತು.

ಒಳಗೆ ಬಂದು ಸ್ಟೀಲ್ ಡಬ್ಬಿ ತೆಗೆದಳು. ಎರಡು ಡಬ್ಬಿ ಇದ್ದವು, ಒಂದರಲ್ಲಿ ಹುರಿದದ್ದು, ಒಂದರಲ್ಲಿ ಮುಂದಿನ ಸಲ ಹುರಿಯಲು ಇಟ್ಟ ಹಸಿಯದು, ನೆನ್ನೆ ಮಧ್ಯಾಹ್ನ ಎರಡು ಗಂಟೆಯಿಂದ ಕರೆಂಟು ಇರಲಿಲ್ಲ, ಸಂಜೆ ಇದ್ದಕ್ಕಿದ್ದಂತೆ ನಿಸರ್ಗ, ಅಮ್ಮಾ ಕರೆಂಟ್ ಬಂತು, ಮಿಲ್ ಶುರುವಾಯ್ತು, ಮತ್ತೆ ಹೋಗ್ಬುಡ್ತದೆ ಬಾ ಅಂತ ಕೂಗಿತು, ಕೈಗೆ ಸಿಕ್ಕ ಡಬ್ಬಿಯನ್ನು ರಾಗಿಗೆ ಸುರಿದು ಓಡಿದ್ದಳು, ಮಿಲ್ಲಿನ ಭೀಮರಾಜು, ಹುರಿದಿದೀರೇನಕ್ಕಾ ಅಂತ ಕೇಳಿದ, ಕೇಳಿದ್ದು ನೆನಪಿದೆ, ಹೂಂ ಕಣಪ್ಪ ಬೇಗ ಹಾಕು ಅಂದದ್ದೂ ನೆನಪಿದೆ, ನೋಡಿದ್ದು ನೆನಪಿಲ್ಲ. ಒಂದು ಡಬ್ಬಿ ಬರಿದು, ಇನ್ನೊಂದು ತುಂಬಿದೆ, ತುಂಬಿದ್ದರೊಳಗಿನ ಕಾಳೊಂದನ್ನು ಬಾಯಿಗೆ ಹಾಕಿ ಕಚ್ಚಿದಳು. ಕಟಂ ಅಂತು. ಹದವಾಗಿ ಹುರಿದ, ಘಮಘಮ ಅನ್ನುವ, ಕಡಲೆಯಂಥ ಕಾಳು. ಹುರಿದದ್ದು ಇಲ್ಲೇ ಇದೆ. ಹಾಗಾದರೆ ಮಿಲ್ಲಿಗೆ ಹೋದದ್ದು — ಶಿವನೇ, ಶಿವನೇ.

ಪಡಸಾಲೆಗೆ ಬಂದಳು, ಮಾವ ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕಣ್ಣು ಮುಚ್ಚಿದ್ದಾರೆ, ತುಟಿ ಅಲ್ಲಾಡುತ್ತಿದೆ, ಕಣ್ಣು ತೆರೆದರೆ ಮುಗಿಯಿತು, ಆ ಮುದ್ದೆ ಪ್ರಸಾದವಾಗಿಬಿಡುತ್ತದೆ, ವಿಷ ಅಂದರೂ ಬಿಡರು, ಕೂಗಲೇ, ಪೂಜೆಯ ನಡುವೆ ಕೂಗುವುದೇ, ಏನಂತ ಕೂಗಲಿ, ಹದಿನೈದು ದಿನದಿಂದ ನಿಮಗೆ ಕದ್ದು ತಿನ್ನಿಸಿದೀನಿ ಅಂತಲೇ, ಆಮೇಲೆ ನನ್ನ ಕೈಯ ನೀರನ್ನಾದರೂ ನಂಬಿ ಕುಡಿಯುತ್ತಾರೆಯೇ, ಮುದ್ದೆ ಬೆಂದಿದೆಯಲ್ಲ ಏನೂ ಆಗಲ್ಲವೇನೋ, ರೊಟ್ಟಿಯೂ ಬೆಂದಿತ್ತಲ್ಲ, ತುಟಿ ನಿಂತಿತು, ರೆಪ್ಪೆ ಅಲುಗಿತು — ಅವಳ ಕೈ ಹೋಯಿತು. ಹಿರಿಯರ ತಟ್ಟೆಗೆ, ಬಡಿಸಿದ ತಟ್ಟೆಗೆ, ಸೊಸೆಯ ಕೈ. ಮುದ್ದೆಯನ್ನು ಬಾಚಿ ಎತ್ತಿಕೊಂಡಳು, ಬಿಸಿ, ಒಲೆಯಿಂದ ಈಗ ಇಳಿದದ್ದು, ಸಾರು ಮೊಣಕೈಗೆ ಹರಿಯಿತು. ಮಾವ ಕಣ್ಣು ತೆರೆದರು. ಬರಿದಾದ ತಟ್ಟೆ ನೋಡಿದರು, ಅವಳ ಅಂಗೈ ನೋಡಿದರು. ಮಾವ, ಇದರಲ್ಲಿ ಸೋಯಾ ಇದೆ, ದಿನಾ ಇತ್ತು, ಇವತ್ತಿಂದು ಹುರಿದಿಲ್ಲ, ಅಂದಳು, ಅಂದಳೋ ಬರೀ ತುಟಿ ಅಲ್ಲಾಡಿತೋ. ಅವರ ಮುಖದಲ್ಲಿ ಏನೂ ತಿಳಿಯಲಿಲ್ಲ. ಕೈ ಸುಟ್ಟೋಗ್ತದೆ ಕಣಮ್ಮ, ಹಾಕು ಇಲ್ಲಿ ಅಂತ ಬಲಗೈಯಲ್ಲಿ ತಟ್ಟೆಯನ್ನೇ ಅವಳ ಕಡೆ ಎತ್ತಿ ಹಿಡಿದರು. ಹಾಕಿದರೆ ತಿಂದೇಬಿಡುತ್ತಾರೆ, ಹಾಕಲಾರಳು, ನೆಲಕ್ಕೆ ಬಿಡಲಾರಳು, ಅವರ ಅಂಗೈಯಲ್ಲಿ ಲಿಂಗ, ಅವಳ ಅಂಗೈಯಲ್ಲಿ ಮುದ್ದೆ, ಹಾಕಮ್ಮ ಅಂದರು ಮತ್ತೊಮ್ಮೆ, ಅಂಗೈಯಲ್ಲಿ ಮುದ್ದೆ, ಸುಡುವ ಮುದ್ದೆ, ಅಂಗೈ —