ಮೈಲುತುತ್ತದ ಸೊಪ್ಪು

ಧರೆಪ್ಪ ಹಸಿ ಸೊಪ್ಪಿಗೆ ಬೆಂಕಿ ಇಡಲು ಹೊರಟಿದ್ದಾನೆ ಎಂದು ಕೇಳಿದ್ದೇ ತಡ, ಮಲಕಾರಿ ಕುರಿಗಳನ್ನು ಹೆಂಡತಿ ತಾರವ್ವನಿಗೆ ಒಪ್ಪಿಸಿ, ಹೆಗಲ ಮೇಲಿನ ಕೊಡಲಿಯನ್ನೂ ಇಳಿಸದೆ ಓಡಿದ. ಅಥಣಿ ಕಡೆ, ಕೃಷ್ಣೆಯ ದಂಡೆಗೆ ಹತ್ತಿಕೊಂಡ ದ್ರಾಕ್ಷಿ ತೋಟ ಧರೆಪ್ಪನದು. ಅದರ ಬದುವಿನ ಮೇಲೆ ಅವನ ಅಜ್ಜ ನೆಟ್ಟ ಮಾವಿನ ಮರ. ಅಜ್ಜನ ಕಾಲದಿಂದಲೂ ಒಂದೇ ನಡಾವಳಿ: ಮಲಕಾರಿಯ ಮನೆಯವರು ಆ ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಕೊಡಬೇಕು, ಮರ ಸವರಿದಾಗ ಬಿದ್ದ ಸೊಪ್ಪೆಲ್ಲ ಕುರಿಗಳ ಪಾಲು. ಹಸಿ ಸೊಪ್ಪು ಸುಡುವುದೆಂದರೆ ಕುರುಬನ ಉಣ್ಣುವ ತಾಟಿಗೆ ಒದ್ದಂತೆ.

ಈ ಸಲ ಧರೆಪ್ಪ ಚೀಲದ ಗೊಬ್ಬರ ತಂದು, ಕುರಿ ಬೇಡ ಎಂದಿದ್ದ. ಅದನ್ನು ಮಲಕಾರಿ ಹೇಗೋ ನುಂಗಿಕೊಂಡಿದ್ದ. ಈಗ ಸೊಪ್ಪನ್ನೂ ಸುಡುತ್ತಾನಂತೆ! ಅದು ಹೇಗೆ ಸುಡುತ್ತಾನೋ ನೋಡೇಬಿಡೋಣ ಎಂದು ಹಲ್ಲು ಕಡಿಯುತ್ತ ಬದು ಹತ್ತಿದ.

ಮರಕ್ಕೆ ಚಿಬ್ಬು ರೋಗ ಬಡಿದಿತ್ತು. ಎಲೆಗಳ ಮೇಲೆ ಕರಿ ಚುಕ್ಕೆ ಎದ್ದು, ಚುಕ್ಕೆಗಳು ಕೂಡಿ, ಅಂಚು ಸುಟ್ಟಂತಾಗಿ, ಹೂವೆಲ್ಲ ಕಪ್ಪಾಗಿ ಉದುರುತ್ತಿತ್ತು. ಧರೆಪ್ಪ ದ್ರಾಕ್ಷಿಗೆ ಹೊಡೆಯುವ ಔಷಧವನ್ನೇ, ಅಂದರೆ ತಾಮ್ರದ ಉಪ್ಪಾದ ಮೈಲುತುತ್ತ ಮತ್ತು ಸುಣ್ಣ ಕಲಸಿದ ನೀಲಿ ನೀರನ್ನು, ಮರಕ್ಕೆ ಮೇಲಿಂದ ಮೇಲೆ ಹೊಡೆದಿದ್ದ. ಸುಣ್ಣ ಕಡಿಮೆಯಾದರೂ ಚಿಂತೆಯಿಲ್ಲ, ಔಷಧ ಖಡಕ್ ಇರಲಿ ಎಂಬ ಲೆಕ್ಕ ಅವನದು. ಆದರೂ ರೋಗ ಇಳಿಯಲಿಲ್ಲ. ಕೃಷಿ ಇಲಾಖೆಯವರು ಬಂದು ನೋಡಿ, ರೋಗದ ಟೊಂಗೆ ಮೊದಲು ಕಡಿ, ಗಾಳಿ ಬೆಳಕು ಆಡಲಿ, ಕಡಿದದ್ದನ್ನೂ ಉದುರಿದ್ದನ್ನೂ ಒಟ್ಟಿ ಸುಡು, ಆಮೇಲೆ ಔಷಧ ಹೊಡಿ, ಇಲ್ಲದಿದ್ದರೆ ಅದೇ ಎಲೆಯಿಂದ ಮತ್ತೆ ರೋಗ ಏಳುತ್ತದೆ ಎಂದು ಹೇಳಿ ಹೋಗಿದ್ದರು.

ಧರೆಪ್ಪನ ಕೈಯಲ್ಲಿ ಕಬ್ಬಿನ ರವದಿಯ, ಅಂದರೆ ಒಣ ಗರಿಯ, ಪಂಜು ಉರಿಯುತ್ತಿತ್ತು. ಮುಂದೆ ಆಳೆತ್ತರದ ಸೊಪ್ಪಿನ ರಾಶಿ. ಅವನ ತಾಯಿ ಕೆಂಚವ್ವ ಕುಡುಗೋಲಿನಿಂದ ಇನ್ನೂ ಟೊಂಗೆ ಎಳೆದು ಹಾಕುತ್ತಿದ್ದಳು.

"ಏ ಧರ್ಯಾ, ಕೈ ತಗೀ ಅತ್ಲಾಗ!" ಮಲಕಾರಿ ಒದರಿದ.

"ಇದಕ್ಕ ಮೈಲುತುತ್ತ ಹೊಡದೈತಿ ಮಾರಾಯಾ. ಕುರಿಗಿ ಹಾಕಬ್ಯಾಡ." ಧರೆಪ್ಪ ಔಷಧದ ಬಕೀಟಿನಲ್ಲಿ ಅದ್ದಿದ್ದ ಇನ್ನೊಂದು ಕುಡುಗೋಲು ಎತ್ತಿ ತೋರಿಸಿದ. ಅಲಗಿಗೆ ತಾಮ್ರದ ಕೆಂಪು ಹತ್ತಿತ್ತು. "ನೋಡ ಇಲ್ಲೆ. ಕಬ್ಬಿಣಾನ ತಿಂತೈತಿ ಇದು. ನಿನ್ನ ಕುರಿ ಬಿಡತೈತೇನ?"

"ನಿನ್ನ ದ್ರಾಕ್ಷಿ ಎಲಿ ವರ್ಷಾ ಮೇಯತಾವಲ್ಲ ನನ್ನ ಆಡು, ಒಂದರ ಸತ್ತೈತೇನ? ಕುರಿ ಬ್ಯಾಡಂದಿ, ಈಗ ಸೊಪ್ಪೂ ಬ್ಯಾಡ. ನಾವು ಮಣ್ಣ ತಿನ್ನೂಣೇನ?"

"ಹೇಳಿದ್ದ ತಿಳೀವಲ್ದೇನಲೇ ನಿನಗ?" ಎಂದು ಧರೆಪ್ಪ ಪಂಜು ಬಗ್ಗಿಸಿದ.

ಮಲಕಾರಿ ಕೊಡಲಿ ತಿರುಗಿಸಿ ಅದರ ಹಿಡಿಯಿಂದ ಅವನ ಮಣಿಕಟ್ಟಿಗೆ ಬಾರಿಸಿದ. ಪಂಜು ಹಾರಿ ಬಿತ್ತು. ಧರೆಪ್ಪ ಮೈಮೇಲೆ ಏರಿಬಂದ. ಇಬ್ಬರೂ ಹೆಂಟೆಗಳ ಮೇಲೆ ಉರುಳಾಡಿದರು. ಒಬ್ಬನ ಕಿವಿ ಹರಿಯಿತು, ಇನ್ನೊಬ್ಬನ ತುಟಿ ಸೀಳಿತು. ಕೆಂಚವ್ವ ಬಾಯಿ ಬಾಯಿ ಬಡಿದುಕೊಂಡಳು. ಕೊನೆಗೆ ಮಲಕಾರಿ ಅವನ ಎದೆಯ ಮೇಲೆ ಮೊಣಕಾಲು ಊರಿ, ಉಸಿರು ಕಟ್ಟುವ ತನಕ ಬಿಡಲಿಲ್ಲ. ಸೊಪ್ಪೆಲ್ಲ ಹೊರೆ ಹೊರೆಯಾಗಿ ಮಲಕಾರಿಯ ಹಟ್ಟಿಗೆ ಹೋಯಿತು.

ಕುರಿಗಳು ಮುಗಿಬಿದ್ದು ತಿಂದವು. ಮೊದಲು ಏನೂ ಆಗಲಿಲ್ಲ. ಆಡುಗಳಂತೂ ಗೋಡೆ ಹತ್ತಿ ಕುಣಿದವು. ಮಲಕಾರಿ ಚಹಾದಂಗಡಿಯಲ್ಲಿ ಮೀಸೆ ತಿರುವಿ, "ಧರೆಪ್ಪನ ವಿಷಾ ನೋಡ್ರಿ, ನನ್ನ ಕುರಿ ದಪ್ಪ ಆಗ್ಯಾವು" ಎಂದು ನಕ್ಕ. ದಿನವೂ ಹೊರೆ ಬಿಚ್ಚಿ ಹಾಕಿದ.

ಹೀಗೇ ಕೆಲವು ವಾರ ಕಳೆದ ಮೇಲೆ ಒಂದು ಮುಂಜಾನೆ ಮಂದೆಯ ಮುಂದಾಳು ಟಗರು ತಲೆಯನ್ನು ಗೋಡೆಗೆ ಒತ್ತಿ ನಿಂತಿತ್ತು. ಕಣ್ಣು ಅರಿಸಿನದಂತೆ ಹಳದಿ. ಉಚ್ಚೆ ಹೊಯ್ದರೆ ರಕ್ತ. ಮಲಕಾರಿ ಮೈಸವರುತ್ತಿದ್ದಂತೆಯೇ ಕಾಲು ಝಾಡಿಸಿ ಬಿತ್ತು. ಅದರ ಹಿಂದೆಯೇ ಗಬ್ಬದ ಕುರಿ, ಹಾಲು ಕುರಿ ಸಾಲುಸಾಲಾಗಿ ಉರುಳಿದವು. ಹಲ್ಲು ಕಿರಿದು, ನೊರೆ ಸುರಿಸಿ, ನೆಲ ಕೆರೆದು ಸತ್ತವು. ತಾರವ್ವ ಮಜ್ಜಿಗೆ ಕುಡಿಸಿದಳು, ಬೇವು ಅರೆದು ಹಾಕಿದಳು, ಎದೆ ಬಡಿದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಹಟ್ಟಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಉಳಿದದ್ದು ಆಡುಗಳು, ಮತ್ತೆ ತಾಯಿಯ ಹಾಲಷ್ಟೇ ಕುಡಿಯುತ್ತಿದ್ದ ಗೂಡಿನೊಳಗಿನ ಎಳೆ ಮರಿಗಳು. ಆ ಮರಿಗಳು ಬದುಕಿದರೆ ಮಾತ್ರ ಮುಂದೆ ಅವನಿಗೆ ಮಂದೆ ಅಂತ ಒಂದಿರುತ್ತಿತ್ತು.

ಅದೇ ಸೊಪ್ಪು ತಿಂದ ಆಡು ಗಟ್ಟಿಯಾಗಿವೆ, ಹಾಗಾದರೆ ಕುರಿ ಯಾಕೆ ಸತ್ತವು? ಕುರಿ ಮೇದು ಬರುವಾಗ ನೀರು ಕುಡಿಯುವುದು ಧರೆಪ್ಪನ ಬಾವಿಯ ಪಕ್ಕದ ಕಲ್ಲುದೋಣಿಯಲ್ಲಿ, ಆಡು ಕುಡಿಯುವುದು ಹಟ್ಟಿಯ ಕೊಡದಲ್ಲಿ. ಮಲಕಾರಿಯ ತಲೆಗೆ ಅಷ್ಟೇ ಸಾಕಾಯಿತು. ಹೊಡೆತ ತಿಂದವನು ನೀರಿಗೆ ವಿಷ ಹಾಕಿ ಸೇಡು ತೀರಿಸಿಕೊಂಡಿದ್ದಾನೆ, ಹಲ್ಕಾ!

"ಮರಿಗೋಳನ್ನ ಗೂಡಿನ ಹೊರಗ ಬಿಡಬ್ಯಾಡ. ಆ ದೋಣಿ ನೀರ ಮುಟ್ಟಸಬ್ಯಾಡ. ಉಳದ ಸೊಪ್ಪ ಹಗ್ಗಕ್ಕ ಕಟ್ಟು, ಅದನ್ನ ತಿನ್ನಲಿ" ಎಂದು ತಾರವ್ವನಿಗೆ ಹೇಳಿ, ಸತ್ತ ಟಗರನ್ನು ಹೆಗಲಿಗೆ ಹಾಕಿ, ಕೊಡಲಿ ಹಿಡಿದು ಹೊರಟ.

ಧರೆಪ್ಪ ಮಾವಿನ ಬುಡದಲ್ಲಿ ಕೂತು ಔಷಧ ಕಲಸುತ್ತಿದ್ದ. ಕಡಿದ ಟೊಂಗೆಗಳ ತುದಿಯಲ್ಲಿ ಚುಕ್ಕೆಯಿಲ್ಲದ ಚಿಗುರು ಮೂಡಿತ್ತು. ಮಲಕಾರಿ ಟಗರನ್ನು ಅವನ ಮುಂದೆ ಒಗೆದ. "ನೀರಿಗಿ ವಿಷಾ ಹಾಕ್ತಿ? ಮೂಕ ಜೀವದ ಮ್ಯಾಲ ಗಂಡಸ್ತನಾ ತೋರಸ್ತಿ?"

"ಯಾವ ನೀರೋ? ನಾ ಏನೂ..."

ಕೊಡಲಿ ಧರೆಪ್ಪನ ಹೆಗಲಿಗೆ ಕಚ್ಚಿತು. ಅವನು ಬಕೀಟಿನ ಮೇಲೆ ಬಿದ್ದ. ನೀಲಿ ನೀರು ಚೆಲ್ಲಿ ರಕ್ತಕ್ಕೆ ಬೆರೆಯಿತು. ಮಲಕಾರಿಗೆ ಅಷ್ಟಕ್ಕೂ ತಣಿಯಲಿಲ್ಲ. ಮರಕ್ಕೆ ತಿರುಗಿ ಬುಡಕ್ಕೆ ಹೊಡೆದ, ಮತ್ತೆ ಹೊಡೆದ, ಚಕ್ಕೆ ಮುಖಕ್ಕೆ ಹಾರಿದರೂ ಹೊಡೆದ.

ಕೆಂಚವ್ವ ಓಡಿ ಬಂದಳು. ಸೀರೆಯ ಸೆರಗನ್ನು ಮಗನ ಹೆಗಲಿಗೆ ಬಿಗಿದು ಕಟ್ಟಿದಳು. ಆಮೇಲೆ ಎದ್ದು, ಕುಡುಗೋಲು ಎತ್ತಿ, ಟಗರಿನ ಹೊಟ್ಟೆಯನ್ನು ಒಂದೇ ಎಳೆತಕ್ಕೆ ಸೀಳಿದಳು. ಎರಡೂ ಕೈ ಹಾಕಿ ಒಳಗಿನದನ್ನು ಬಾಚಿ ಮಲಕಾರಿಯ ಕಾಲ ಮೇಲೆ ಸುರಿದಳು.

"ನೋಡ, ಕಣ್ಣ ತಗದ ನೋಡ! ನನ್ನ ಮಗಾ ನೀರಿಗಿ ಹಾಕಿದ್ದೋ, ನೀ ಬಾಯಿಗಿ ಹಾಕಿದ್ದೋ?"

ಅಗಿದ ಮಾವಿನೆಲೆ. ಎಲ್ಲವೂ ಹಸಿರು ನೀಲಿ, ಬಕೀಟಿನಲ್ಲಿದ್ದಂಥದ್ದೇ ನೀಲಿ. ದಿನವೂ ಒಳಸೇರಿದ ತಾಮ್ರವನ್ನು ಆಡಿನ ಮೈ ತಾಳಿಕೊಂಡಿತ್ತು, ಕುರಿಯ ಮೈಗೆ ಅದು ದಕ್ಕಿರಲಿಲ್ಲ.

ಮಲಕಾರಿ ಬಗ್ಗಿ ಆ ಎಲೆಯನ್ನು ಬೆರಳಿನಿಂದ ಕೆದಕಿದ. ಕುರಿಗಳನ್ನು ಕೊಂದವನು ತಾನೇ. ಅದನ್ನು ನೆನೆದು ಅಳುವುದಕ್ಕೂ ಪುರಸೊತ್ತಿರಲಿಲ್ಲ. ಮರಿಗಳು! ಸೊಪ್ಪು ಕಟ್ಟು ಎಂದು ಬಾಯಿಬಿಟ್ಟು ಹೇಳಿ ಬಂದವನೂ ತಾನೇ. ಕೊಡಲಿ ಅಲ್ಲೇ ಬಿಸಾಕಿ ಓಡಿದ. ಹಿಂದೆ ಧರೆಪ್ಪನ ತಮ್ಮ ಬಾಬಾಸಾಹೇಬ ಆಳುಗಳೊಂದಿಗೆ ಬಡಿಗೆ ಹಿಡಿದು, "ಹಿಡೀರಿ ಅವನ್ನ!" ಎಂದು ಅಟ್ಟಿಸಿಕೊಂಡು ಬಂದ.

ತಾರವ್ವ ಆಗಷ್ಟೇ ಹೊರೆ ಬಿಚ್ಚಿ ಹಗ್ಗಕ್ಕೆ ಕಟ್ಟಿದ್ದಳು. ಮರಿಗಳು ಹಿಂಗಾಲಿನ ಮೇಲೆ ನಿಂತು ಮೂತಿ ಚಾಚಿದ್ದವು. ಮಲಕಾರಿ ಗೂಡಿನ ಜಾಲರಿ ಹರಿದು ನುಗ್ಗಿ ಹಗ್ಗ ಕಿತ್ತ. ಒಂದು ಮರಿಯ ಬಾಯೊಳಗೆ ಬೆರಳು ತುರುಕಿ ಎಲೆ ಹೊರಗೆಳೆದ. ಮರಿ ಕಚ್ಚಿತು, ಅವನು ಬಿಡಲಿಲ್ಲ.

"ಏನಾತು? ನೀನ ಹೇಳಿದ್ಯಲ್ಲ!" ತಾರವ್ವ ಕಿರುಚಿದಳು.

"ಸೊಪ್ಪಿನಾಗ ಐತಿ ವಿಷಾ. ನಾನ ತಿನ್ನಿಸಿ ಕೊಂದೆ. ಧರೆಪ್ಪಂದೇನೂ ತಪ್ಪಿಲ್ಲ."

ಸೊಪ್ಪನ್ನು ಅಪ್ಪಿ ತಂದು ಒಲೆಗೆ ತುಂಬಿ ಊದುವಷ್ಟರಲ್ಲಿ ಮೊದಲ ಬಡಿಗೆ ಬೆನ್ನಿಗೆ ಬಿತ್ತು. ಎರಡನೆಯದು ತಲೆಗೆ. ರಕ್ತ ಕಣ್ಣಿಗಿಳಿದರೂ ಅವನು ತಿರುಗಿ ಕೈ ಎತ್ತಲಿಲ್ಲ.

"ಹೊಡೀರಿ ಬಾಬಾಸಾಹೇಬ್ರ, ಬೇಕಾದಷ್ಟ ಹೊಡೀರಿ. ಕೈ ಒಂದ ಮುರೀಬ್ಯಾಡ್ರಿ, ಇದಿಷ್ಟು ಸುಡತೀನಿ."

ಬಡಿಗೆಗಳು ನಿಲ್ಲಲಿಲ್ಲ. ಅರೆ ಬಾಡಿದ ಎಲೆ ಚಟಪಟ ಎಂದು, ದಟ್ಟ ಹೊಗೆ ಎದ್ದಿತು. ತಾರವ್ವ ಗಂಡನನ್ನು ಬಿಡಿಸಲು ಹೋಗಲಿಲ್ಲ. ಮರಿಗಳಿಗೆ ಅಡ್ಡ ನಿಂತು, ನೆಲದ ಮೇಲೆ ಉದುರಿದ್ದ ಎಲೆಗಳನ್ನು ಹುಡುಕಿ ಹುಡುಕಿ ಬೆಂಕಿಗೆ ಹಾಕಿದಳು.