ಒಂದು ವರ್ಷ ತಡ್ಕೋ

"ಕೆಟ್ಟ ಕೈಗೆ ಮೊದಲು ತೋಳು ಹಾಕ್ಬೇಕು ಅಂತ ಎಷ್ಟು ಸಲ ಹೇಳ್ಲಿ ರೀ," ಎನ್ನುತ್ತಲೇ ಹೆಂಡತಿ ಪೇಂಟರನ ಬಲಗೈಯನ್ನು ಅಂಗಿಯೊಳಗೆ ತೂರಿಸಿದಳು. ಭುಜದ ಮಟ್ಟಕ್ಕೂ ಏಳದ ಆ ಕೈ ಹೇಳಿದಂತೆ ಕೇಳಿತು. ಮೊಂಡು ಹಿಡಿದವನು ಅವನೇ.

"ನಾನು ಬರಲ್ಲ. ಯಾವ ಮುಖ ಇಟ್ಕೊಂಡು ಬರ್ಲಿ?"

"ಇರೋದೇ ಒಂದು ಮುಖ, ಅದನ್ನೇ ತಗೊಂಡು ಬನ್ನಿ. ಅತ್ತಿಗೆ ಏನು ಎದ್ದು ಕೂತು ಕೇಳ್ತಾರಾ?" ಎಂದು ಅಂಗಿಯ ಗುಂಡಿ ಹಾಕತೊಡಗಿದಳು.

ಅವನ ಅಕ್ಕ ನಿನ್ನೆ ಪ್ರಯೋಗಾಲಯದ ಮೆಟ್ಟಿಲ ಮೇಲೆ ಕುಸಿದು ತೀರಿಕೊಂಡಿದ್ದಳು. ಮದುವೆಯ ಗೋಜಿಗೆ ಹೋಗದೆ ಆಯುಷ್ಯವನ್ನೆಲ್ಲ ಒಂದು ಅಂಟಂಟು ಪಟ್ಟಿಗೆ ಸುರಿದವಳು. ನೆಂಟರು ಅವಳಿಗೆ ಗೋಂದಕ್ಕ ಎಂದೇ ಹೆಸರಿಟ್ಟಿದ್ದರು. ಅವಳೂ ಬೇಸರವಿಲ್ಲದೆ ಓಗೊಡುತ್ತಿದ್ದಳು.

*

ಅಂಗಡಿಯೊಂದರ ಬೋರ್ಡ್ ಬರೆಯುವಾಗ ಏಣಿ ಜಾರಿ, ಪೇಂಟರನ ಭುಜದಲ್ಲಿ ಸ್ನಾಯುವನ್ನು ಮೂಳೆಗೆ ಬಿಗಿದಿಡುವ ನಾರು ಕಿತ್ತು ಬಂದಿತ್ತು. ಕೂಡಲೇ ಹೊಲಿಸಿಕೊಳ್ಳಿ ಎಂದರು ಡಾಕ್ಟರು. ಅಕ್ಕ ಬಿಡಲಿಲ್ಲ. ಅವನನ್ನು ಪ್ರಯೋಗಾಲಯಕ್ಕೆ ಕರೆದೊಯ್ದು, ನೀರಿನ ತಟ್ಟೆಯಿಂದ ಹೆಬ್ಬೆರಳಗಲದ ಪಟ್ಟಿಯೊಂದನ್ನು ತೆಗೆದು ಅಂಗೈ ಮೇಲಿಟ್ಟಳು.

"ಒತ್ತಿ ನೋಡೋ."

ಒಂದು ತುದಿ ಉಗುರಿನಷ್ಟು ಗಟ್ಟಿ, ಇನ್ನೊಂದು ಕಿವಿಯ ಹಾಲೆಯಷ್ಟು ಮೆತ್ತಗೆ. ಗಟ್ಟಿ ಎಲ್ಲಿ ಮುಗಿಯಿತು, ಮೆತ್ತಗೆ ಎಲ್ಲಿ ಶುರುವಾಯಿತು ಎಂಬುದು ಎಷ್ಟು ಸವರಿದರೂ ತಿಳಿಯಲಿಲ್ಲ.

"ಮೂಳೆ ಗಟ್ಟಿ, ನಾರು ಮೆತ್ತಗೆ. ನೇರವಾಗಿ ಹೊಲಿದ್ರೆ ಎಳೆತ ಎಲ್ಲ ಆ ಒಂದು ಗೆರೆ ಮೇಲೇ ಬಿದ್ದು ಮತ್ತೆ ಹರಿಯುತ್ತೆ. ಮಧ್ಯೆ ಇದನ್ನಿಟ್ರೆ ಎಳೆತ ಹಂಚಿಹೋಗುತ್ತೆ, ನಿನ್ನ ಮೈಯೇ ಇದ್ರೊಳಗೆ ಬೆಳೆದು ಕೂಡ್ಕೊಳ್ಳುತ್ತೆ. ಒಂದು ವರ್ಷ ತಡ್ಕೋ. ಮೊದಲ ಪಟ್ಟಿ ನಿಂಗೇ."

"ನೀನು ಹೇಳಿದ್ಮೇಲೆ ಮುಗೀತು ಬಿಡಕ್ಕ."

ಒಂದು ವರ್ಷ ನಾಲ್ಕಾಯಿತು. ಪ್ರಾಣಿಗಳ ಮೇಲೆ ಪರೀಕ್ಷೆ, ಅನುಮತಿಗಾಗಿ ಅಲೆದಾಟ, ಮತ್ತೆ ಪರೀಕ್ಷೆ. ಕೊನೆಗೆ ಎಲ್ಲ ಕೈಗೂಡಿದಾಗ ಡಾಕ್ಟರು ಅವನ ಸ್ಕ್ಯಾನ್ ನೋಡಿ, ಇನ್ನು ಆಗುವುದಿಲ್ಲ ಎಂದರು. ಕೆಲಸವಿಲ್ಲದ ಸ್ನಾಯು ಸೊರಗಿ ಕೊಬ್ಬಾಗಿತ್ತು. ತಟ್ಟೆಯೊಳಗಿನ ಪಟ್ಟಿ ಕಾಯುತ್ತಿತ್ತು, ಭುಜವೂ ಹಾಗೇ ಕಾಯುತ್ತದೆಂದು ಅವಳು ನಂಬಿಬಿಟ್ಟಿದ್ದಳು.

ಆ ವಾರ ಅಕ್ಕ ಊಟಕ್ಕೆ ಬಂದಾಗ ಅವನು ಎಡಗೈಯಿಂದ ಬಲಗೈಯನ್ನೆತ್ತಿ ಅವಳೆದುರು ಕುಕ್ಕಿದ.

"ತಗೋ, ಇದನ್ನೂ ನಿನ್ನ ನೀರಿನ ತಟ್ಟೇಲಿ ಇಟ್ಕೋ."

ಅವಳು ಅರ್ಧ ಊಟಕ್ಕೇ ಎದ್ದು ಹೋದಳು. ಆಮೇಲೆ ಫೋನು ಬರುತ್ತಿದ್ದುದು ಅವನ ಹೆಂಡತಿಗೆ ಮಾತ್ರ. ತಪ್ಪಾಯ್ತು ಅಕ್ಕ ಎಂದಿದ್ದರೆ ಮುಗಿಯುತ್ತಿತ್ತು. ಅಕ್ಕ ತಾನೇ, ಎಲ್ಲಿ ಹೋಗ್ತಾಳೆ ಎಂದು ಇವನೂ ಇವತ್ತು ನಾಳೆ ಎಂದು ದಿನ ತಳ್ಳಿದ.

*

ವಿದ್ಯುತ್ ಚಿತಾಗಾರದಲ್ಲಿ ಅಕ್ಕನನ್ನು ಭುಜದೆತ್ತರದ ಕಬ್ಬಿಣದ ಹಾಸಿನ ಮೇಲೆ ಮಲಗಿಸಿದ್ದರು.

"ಪಾಪ, ಇಷ್ಟು ಒದ್ದಾಡಿ ಗೋಂದಕ್ಕ ಕೊನೆಗೂ ಏನು ಅಂಟಿಸಿದ್ಲು?" ಚಿಕ್ಕಪ್ಪ ಪಿಸುಗುಟ್ಟಿದರು.

ಪಕ್ಕದಲ್ಲಿದ್ದ ಡಾಕ್ಟರಿಗೆ ಅದು ಕೇಳಿಸಿತು. "ಅಲ್ಲಿ ನಿಂತಿದ್ದಾರಲ್ಲ, ಬಸ್ ಕಂಡಕ್ಟರಮ್ಮ, ಅವರ ಭುಜ. ಮೇಡಂ ಪಟ್ಟಿ ಹಾಕಿಸ್ಕೊಂಡ ಮೊದಲನೇವ್ರು."

"ಆ ಕೈ ಎದ್ದಿದ್ದನ್ನ ಅಕ್ಕ ನೋಡಿದ್ಲಾ?" ಪೇಂಟರ್ ಕೇಳಿದ.

"ನೋಡಿದ್ರು. ನಾವೆಲ್ಲ ಚಪ್ಪಾಳೆ ತಟ್ತಿದ್ವಿ. ಅವರು ಮಾತ್ರ 'ಇದು ನನ್ನ ತಮ್ಮಂದು' ಅಂತ ಅತ್ಬಿಟ್ರು."

ಒಲೆಯ ಬಾಗಿಲ ಬಳಿಯವನು, "ಮುಟ್ಟೋರು ಬೇಗ ಮುಟ್ಟಿ," ಎಂದ. ಪೇಂಟರ್ ಮುಂದೆ ಹೋಗಿ ಬಲಗೈ ಎತ್ತಿದ. ಅದು ಸೊಂಟದಿಂದ ಒಂದು ಗೇಣು ಮೇಲೆ ಬಂದು ನಿಂತುಬಿಟ್ಟಿತು.

"ಎಡಗೈಲಿ ಮುಟ್ಟಿ ರೀ," ಎಂದಳು ಹೆಂಡತಿ.

"ಬೇಡ. ಅವಳ ಮುಂದೆ ಕುಕ್ಕಿದ್ದು ಈ ಕೈನೇ."

ಇನ್ನೊಮ್ಮೆ ಎತ್ತಲು ನೋಡಿದ. ಅಂಗಿಯ ತೋಳಷ್ಟೇ ನಡುಗಿತು. ಆಗ ಕಂಡಕ್ಟರ್ ಹೆಂಗಸು ಪಕ್ಕಕ್ಕೆ ಬಂದು, ಅವನ ಮೊಣಕೈ ಕೆಳಗೆ ಪಟ್ಟಿ ಹಾಕಿಸಿಕೊಂಡ ತನ್ನ ಕೈಯಿಟ್ಟು ಮೆಲ್ಲಗೆ ಮೇಲೆತ್ತತೊಡಗಿದಳು. ಅವನ ಬೆರಳುಗಳು ಅಕ್ಕನ ಹಣೆಗೆ ತಾಗಿದವು. ತಾಗಿದ ಮೇಲೂ ಕಂಡಕ್ಟರ್ ತನ್ನ ಕೈ ಇಳಿಸಲಿಲ್ಲ.