ದಾಳಕ್ಕೆ ಮರೆಯಾದ ರಟ್ಟು

ನಾನು ಒಂದು ರಟ್ಟಿನ ಮರೆ. ಗದಗಿನ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಪೆಟ್ಟಿಗೆಯ ಮುಚ್ಚಳವಾಗಿದ್ದೆ. ರೇಷ್ಮೆಯ ಜೊತೆ ಒಡನಾಡಿದವನೆಂಬ ಜಂಬ ನನಗೆ ಇಂದಿಗೂ ಇದೆ. ಅಂಗಡಿಯ ಗುಮಾಸ್ತ ಪಾಂಡುರಂಗ ನನ್ನನ್ನು ಕಸದಿಂದ ಎತ್ತಿಕೊಂಡು ಹೋಗಿ, ಕತ್ತರಿಸಿ, ಕಪ್ಪು ಟೇಪು ಹಚ್ಚಿ ಮೂರು ಮಡಿಕೆಯಾಗಿ ಜೋಡಿಸಿದ. ಬಿಚ್ಚಿಟ್ಟರೆ ಮೇಜಿನ ಮೇಲೆ ಗಿಡ್ಡ ಗೋಡೆಯ ಹಾಗೆ ನಿಲ್ಲುತ್ತಿದ್ದೆ. ಹೊರಮೈಗೆ ಅವನ ಗೆಳೆಯ ಶಿವಪುತ್ರ ಸ್ಕೆಚ್ ಪೆನ್ನಿನಲ್ಲಿ ಕೋಟೆ ಬರೆದ. ಅದರ ಬಾಗಿಲು ಸೊಟ್ಟ. ಒಳಮೈಗೆ ಪಾಂಡುರಂಗ ಆಟದ ನಿಯಮಗಳನ್ನು ಬರೆದು ಅಂಟಿಸಿದ.

ಆಟವೆಂದರೆ ಇಸ್ಪೀಟಲ್ಲ, ಕೇರಮ್ಮೂ ಅಲ್ಲ. ಸುತ್ತ ಕೂತು ಎಲ್ಲರೂ ಸೇರಿ ಕತೆ ಕಟ್ಟುವ ಆಟ. ಪಾಂಡುರಂಗ ಕತೆ ನಡೆಸುವವನು. ಗುಹೆಗಳೂ ರಾಕ್ಷಸರೂ ಅವನ ಕೈಯಲ್ಲಿ. ಇನ್ನೊಬ್ಬ ಗೆಳೆಯ ಫಿರೋಜನದು ಕಳ್ಳನ ಪಾತ್ರ. ಶಿವಪುತ್ರ ಧರ್ಮಯೋಧ. ಧರ್ಮಯೋಧ ದೇವರ ಹೆಸರಲ್ಲಿ ಕತ್ತಿ ಹಿಡಿಯುತ್ತಾನೆ, ಅಂಗೈ ಸೋಕಿಸಿ ಗಾಯ ಮಾಯಿಸುತ್ತಾನೆ. ಆದರೆ ಸುಳ್ಳಾಡುವಂತಿಲ್ಲ, ಆಡಿದರೆ ವ್ರತ ಕೆಟ್ಟು ಆ ಶಕ್ತಿಯೆಲ್ಲ ಹೋಗುತ್ತದೆ. ಏಟು ಬಿತ್ತೋ ತಪ್ಪಿತೋ ಎಂದು ಹೇಳುವುದು ಇಪ್ಪತ್ತು ಮುಖದ ದಾಳ. ಅಂಕಿ ದೊಡ್ಡದಾದರೆ ಏಟು ಬಿತ್ತೆಂದೇ ಅರ್ಥ. ರಾಕ್ಷಸರ ದಾಳವನ್ನು ಪಾಂಡುರಂಗ ನನ್ನ ಹಿಂದೆ ಎಸೆಯುತ್ತಿದ್ದ. ಆ ಅಂಕಿ ಕಾಣುತ್ತಿದ್ದುದು ಅವನಿಗೆ ಮತ್ತು ನನಗೆ ಮಾತ್ರ.

ಶಿವಪುತ್ರನ ಪ್ರಶ್ನೆಗಳಿಗೆ ಕೊನೆಯೆಂಬುದಿರಲಿಲ್ಲ. ಶರಣಾದವನನ್ನು ಕಟ್ಟಿಹಾಕಿ ಹೋದ ಮೇಲೆ ತೋಳ ತಿಂದರೆ ಪಾಪ ಯಾರದು? ಕಳ್ಳ ಗೆಳೆಯ ಸುಳ್ಳು ಹೇಳುವಾಗ ಪಕ್ಕದಲ್ಲಿ ಸುಮ್ಮನೆ ನಿಂತರೆ ವ್ರತ ಕೆಡುತ್ತದೆಯೇ?

“ಲೇ ಶಿವ್ಯಾ, ನಿನ್ನ ಧರ್ಮಯೋಧ ಕೋರ್ಟಿನ್ಯಾಗ ಇರಬೇಕಾಗಿತ್ತು. ಗುಹೆಯೊಳಗ ಏನ್ ಮಾಡಾಕತ್ತಾನ?” ಎಂದು ಫಿರೋಜ ಗೋಳಾಡುತ್ತಿದ್ದ.

“ಸುಮ್ನಿದ್ರ ಅದು ಸುಳ್ಳಲ್ಲ,” ಎಂದು ಪಾಂಡುರಂಗ ತೀರ್ಪು ಕೊಟ್ಟ. ಅದನ್ನೂ ಬರೆದು ನನ್ನ ಒಳಮೈಗೆ ಅಂಟಿಸಿದ.

ಆಮೇಲೆ ಶಿವಪುತ್ರನ ಕಿಡ್ನಿ ಕೆಟ್ಟವು. ಡಯಾಲಿಸಿಸ್ ಶುರುವಾಯಿತು. ಆಟ ಅವನ ಮಂಚಕ್ಕೇ ಬಂತು. ನಾನು ಊಟದ ಮಣೆಯ ಮೇಲೆ ನಿಲ್ಲುವಂತಾಯಿತು. ಅವನ ಅಕ್ಕ ಸುಮಂಗಲಾ ತನ್ನ ಕಿಡ್ನಿ ಕೊಡಲು ಮುಂದಾದಳು, ಅದು ಹೊಂದಲಿಲ್ಲ. ಅಷ್ಟರಲ್ಲಿ ಹೃದಯವೂ ಸೋತಿತ್ತು. ಇನ್ನು ಬೇರೆ ಕಿಡ್ನಿ ಸಿಕ್ಕರೂ ಉಪಯೋಗವಿಲ್ಲ, ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಅವಳೊಬ್ಬಳಿಗೇ ಹೇಳಿದರು. ಅವಳು ಪಾಂಡುರಂಗನನ್ನು ಅಡುಗೆಮನೆಗೆ ಕರೆದಳು. ನಾನು ಅವನ ಕಂಕುಳಲ್ಲಿದ್ದೆ.

“ಅವಂಗ ಹೇಳಬ್ಯಾಡ ತಮ್ಮಾ. ಕಿಡ್ನಿ ಸಿಗತೈತಿ ಅಂತ ನಂಬ್ಯಾನ. ಆ ನಂಬಿಕಿ ಮ್ಯಾಲ ಎರಡು ತುತ್ತು ಉಣ್ಣಾಕತ್ತಾನ. ನನ್ನಾಣಿ ಐತಿ.”

ಪಾಂಡುರಂಗ ತಲೆಯಾಡಿಸಿದ. ಅಂದಿನಿಂದ ಆಟದಲ್ಲೂ ಸುಳ್ಳು ಹೊಕ್ಕಿತು. ದಾಳದಲ್ಲಿ ಇಪ್ಪತ್ತು ಬಿದ್ದರೆ ಅವನು ನಾಲ್ಕು ಎನ್ನುತ್ತಿದ್ದ. ರಾಕ್ಷಸರ ಏಟುಗಳೆಲ್ಲ ತಪ್ಪತೊಡಗಿದವು. ಧರ್ಮಯೋಧನ ಮೈಮೇಲೆ ಒಂದು ಗೀರೂ ಬೀಳಲಿಲ್ಲ. ನಾನು ಪುಣ್ಯದ ಕೆಲಸ ಮಾಡುತ್ತಿದ್ದೇನೆಂದು ಬೀಗುತ್ತ ನೆಟ್ಟಗೆ ನಿಲ್ಲುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಶಿವಪುತ್ರ ದಿಂಬಿಗೆ ಒರಗಿ ಕೇಳಿದ, “ಪಾಂಡ್ಯಾ, ಒಂದು ನಿಯಮ ಕೇಳ್ಲಿ?”

“ಕೇಳು.”

“ಧರ್ಮಯೋಧ ಸುಳ್ಳು ಹೇಳಿಲ್ಲ. ಆದ್ರ ಅವನ್ನ ಉಳಸಾಕ ಬ್ಯಾರೆಯವರು ಸುಳ್ಳು ಹೇಳಾಕತ್ತಾರ. ಅದು ಅವಂಗ ಗೊತ್ತೈತಿ. ಗೊತ್ತಿದ್ದೂ ಸುಮ್ನದಾನ. ಅವನ ವ್ರತ ಉಳೀತೋ, ಹೋತೋ?”

ಶೇಂಗಾ ಸುಲಿಯುತ್ತಿದ್ದ ಫಿರೋಜನ ಕೈ ನಿಂತಿತು. ಪಾಂಡುರಂಗ ನನ್ನ ಒಳಮೈಯ ಚೀಟಿಗಳನ್ನೆಲ್ಲ ಹುಡುಕಿದ. ‘ಸುಮ್ನಿದ್ರ ಅದು ಸುಳ್ಳಲ್ಲ’ ಎಂದು ತಾನೇ ಅಂಟಿಸಿದ ತೀರ್ಪು ಅವನ ಕಣ್ಣಿಗೆ ಬಿತ್ತು, ಓದಿ ಹೇಳಲು ಬಾಯಿ ಬರಲಿಲ್ಲ.

“ಗೊತ್ತಿಲ್ಲೋ,” ಎಂದ.

ಸೂಜಿ ಚುಚ್ಚಿ ಚುಚ್ಚಿ ಬಾತ ಕೈಯನ್ನು ಶಿವಪುತ್ರ ಮುಂದೆ ಚಾಚಿದ. ನನ್ನನ್ನು ಮಡಚಿ ಹಾಸಿಗೆಯ ಮೇಲೆ ಮಲಗಿಸಿದ.

“ಈಗ ಒಗಿ,” ಎಂದ.

ದಾಳ ಚಾದರದ ಮೇಲೆ ಉರುಳಿತು. ಹತ್ತೊಂಬತ್ತು. ರಾಕ್ಷಸನ ಕೊಡಲಿ ನೇರ ಎದೆಗೆ ಬಿತ್ತು, ಧರ್ಮಯೋಧ ಸತ್ತ.

“ಹಾಂ, ಇದು ಬರೋಬ್ಬರಿ ಆತು,” ಎಂದ ಶಿವಪುತ್ರ. “ಇನ್ನ ಅದನ್ನೂ ಹೇಳು. ಅಕ್ಕ ನಿನಗೇನು ಹೇಳ್ಯಾಳ?”

ಪಾಂಡುರಂಗ ಹೇಳಿಬಿಟ್ಟ, ಒಂದನ್ನೂ ಉಳಿಸದೆ.

ಇಷ್ಟೆಲ್ಲ ಧೈರ್ಯವಾಗಿ ಕೇಳಿದವನು ಧೈರ್ಯವಾಗಿಯೇ ಕೇಳಿಸಿಕೊಳ್ಳುತ್ತಾನೆಂದು ನಾನು ತಿಳಿದಿದ್ದೆ. ಹಾಗಾಗಲಿಲ್ಲ. ಅವನು ಪಾಂಡುರಂಗನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ದಾಳವನ್ನು ಅವನ ಮುಷ್ಟಿಗೆ ತುರುಕಿದ. “ಇನ್ನೊಮ್ಮೆ ಒಗಿಯೋ, ಪಾಂಡ್ಯಾ. ಇನ್ನೊಮ್ಮೆ ಒಗಿ,” ಎಂದು ಚಿಕ್ಕ ಮಕ್ಕಳ ಹಾಗೆ ಅತ್ತ. ಫಿರೋಜ ಗೋಡೆಯ ಕಡೆ ತಿರುಗಿ ನಿಂತ. ಪಾಂಡುರಂಗ ಒಗೆಯಲಿಲ್ಲ.

ಮುಂದೆ ಶಿವಪುತ್ರ ಮಾತು ಬಿಟ್ಟ. ತಟ್ಟೆ ಬಂದ ಹಾಗೆಯೇ ವಾಪಸು ಹೋಗುತ್ತಿತ್ತು. ಅಕ್ಕ ಹತ್ತಿರ ಬಂದರೆ ಕಣ್ಣು ಮುಚ್ಚುತ್ತಿದ್ದ. ಆ ತಿಂಗಳು ಮುಗಿಯುವುದರೊಳಗೆ ಅವನು ಹೋದ. ನಾನು ಅವನ ಮಂಚದ ಕೆಳಗೇ ಉಳಿದಿದ್ದೆ.

ಕಾರ್ಯಗಳೆಲ್ಲ ಮುಗಿದ ಮೇಲೆ ಸುಮಂಗಲಾ ನನ್ನ ಧೂಳು ಒರೆಸಿ ಪಾಂಡುರಂಗನ ಕೈಗೆ ಕೊಟ್ಟಳು.

“ನೀನ ಹೇಳಿದಿ, ಹೌದಿಲ್ಲೋ?”

“ಹೌದ್ರೀ ಅಕ್ಕಾರ.”

ಅವಳು ಬಯ್ಯಲಿಲ್ಲ. ಇಷ್ಟೇ ಕೇಳಿದಳು, “ಅವಾಗ ಹೆಂಗಿದ್ದ? ಅಂಜಿದನ?”

ಪಾಂಡುರಂಗ ನನ್ನನ್ನು ಎದೆಗೆ ಅವುಚಿಕೊಂಡ.

“ಇಲ್ರೀ. ನಕ್ಕ. ಅಕ್ಕ ನನ್ನ ಸಲುವಾಗಿ ಎಷ್ಟು ತ್ರಾಸ ತಗೊಂಡಾಳ ನೋಡು, ಅಂದ.”

ಸುಮಂಗಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ದನಿ ತೆಗೆದು ಅತ್ತಳು. ನನಗೆ ಅವಳ ಮೇಲೆ ಮರುಕ ಬಂತು. ಪಾಂಡುರಂಗನ ಮೇಲೆ ಸಿಟ್ಟೂ ಬಂತು. ಮತ್ತೆ, ಅವನು ಬೇರೇನು ಹೇಳಬಹುದಿತ್ತು ಎಂದೂ ಅನಿಸಿತು.

ಈಗ ನಾನು ಅವನ ಕಪಾಟಿನ ಮೇಲೆ ಬಿದ್ದಿದ್ದೇನೆ. ಟೇಪು ಬಿಚ್ಚಿಕೊಂಡಿದೆ, ಕೋಟೆಯನ್ನು ಹುಳ ಕೊರೆಯುತ್ತಿವೆ. ಕೆಳಗೆ ಹೊಸ ಗೆಳೆಯರ ಜೊತೆ ಆಟ ನಡೆಯುತ್ತದೆ. ಪಾಂಡುರಂಗ ದಾಳವನ್ನು ಎಲ್ಲರ ಕಣ್ಣೆದುರೇ ಎಸೆಯುತ್ತಾನೆ, ಬಿದ್ದ ಅಂಕಿಯನ್ನೇ ಹೇಳುತ್ತಾನೆ. ಯಾರಾದರೂ ಶಿವಪುತ್ರನ ಸುದ್ದಿ ಎತ್ತಿದರೆ ಮಾತ್ರ, “ಗಟ್ಟಿ ಮನಶ್ಯಾ, ನಕ್ಕೋತ ಹೋದ,” ಎನ್ನುತ್ತಾನೆ. ಈಗೀಗ ಅವನೇ ಅದನ್ನು ನಂಬಿದಂತಿದೆ.

ನಾನು ನಂಬಿಲ್ಲ. ಕೆಳಗೆ ದಾಳ ಉರುಳುವ ಸದ್ದಾದಾಗಲೆಲ್ಲ ನನಗೆ ಅದೇ ದನಿ ಕೇಳುತ್ತದೆ: ಇನ್ನೊಮ್ಮೆ ಒಗಿಯೋ.